ರಿಜಿಡ್ ಮೆಟಲ್ ಕಂಡ್ಯೂಟ್‌ಗೆ ಕ್ಲಾಂಪ್ ಎಲ್ಲೆಲ್ಲಿ ಬೇಕು? ಅಮೆರಿಕದ ಕೋಡ್ ಹೇಳುವ ಲೆಕ್ಕ

ಅಮೆರಿಕದ ಎಲೆಕ್ಟ್ರಿಕಲ್ ಕೆಲಸದಲ್ಲಿ ರಿಜಿಡ್ ಮೆಟಲ್ ಕಂಡ್ಯೂಟ್ (ತಂತಿ ಒಯ್ಯುವ ದಪ್ಪ ಗೋಡೆಯ ಲೋಹದ ಪೈಪು) ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು 10 ಅಡಿ. 10 ಅಡಿಗೊಂದು ಕ್ಲಾಂಪ್ ಹೊಡೆದರೆ ಆಯ್ತು, ಇನ್‌ಸ್ಪೆಕ್ಟರ್ ಒಪ್ಪುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ನಿಯಮದ ಅರ್ಧ ಮಾತ್ರ. ಉಳಿದ ಅರ್ಧ ಗೊತ್ತಿಲ್ಲದೆ ಹೋದರೆ ಬೇಕಾದ ಕಡೆ ಕ್ಲಾಂಪ್ ಇರುವುದಿಲ್ಲ, ಬೇಡದ ಕಡೆ ಸುಮ್ನೆ ನಾಲ್ಕು ಜಾಸ್ತಿ ಬಿದ್ದಿರುತ್ತವೆ.

ನಿಯಮ ಇರುವುದು ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 344ನೇ ಆರ್ಟಿಕಲ್‌ನಲ್ಲಿ, 344.30ನೇ ಸೆಕ್ಷನ್. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಈ ಕೋಡನ್ನು 3 ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ನಾನಿಲ್ಲಿ 2023ರ ಆವೃತ್ತಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆದರೆ ಯಾವ ಆವೃತ್ತಿ ಜಾರಿಯಲ್ಲಿದೆ, ಅದಕ್ಕೆ ಏನು ತಿದ್ದುಪಡಿ ಸೇರಿಸಿದ್ದಾರೆ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ, ಕೆಲವು ಕಡೆ ನಗರದಿಂದ ನಗರಕ್ಕೆ ಬದಲಾಗುತ್ತದೆ. ಕೊನೆಯ ಮಾತು ಅಲ್ಲಿನ ಇನ್‌ಸ್ಪೆಕ್ಷನ್ ಇಲಾಖೆಯದು. ಪೈಪ್ ಕತ್ತರಿಸುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ಮೊದಲು: ಪ್ರಶ್ನೆ ಒಂದಲ್ಲ, ಎರಡು

344.30ರಲ್ಲಿ ಎ ಮತ್ತು ಬಿ ಅಂತ ಎರಡು ಭಾಗ ಇವೆ. ಎ ಭಾಗ ಕೇಳುವುದು, ಪೈಪನ್ನು ಅಲುಗಾಡದ ಹಾಗೆ ಎಲ್ಲಿ ಬಿಗಿದಿದ್ದೀರಿ ಅಂತ. ಬಿ ಭಾಗ ಕೇಳುವುದು, ಪೈಪಿನ ಭಾರ ಹೊರುವುದಕ್ಕೆ ಎಷ್ಟೆಷ್ಟು ದೂರಕ್ಕೆ ಆಧಾರ ಕೊಟ್ಟಿದ್ದೀರಿ ಅಂತ. ಎರಡೂ ಒಂದೇ ಅಲ್ಲ. ಬೀಮ್‌ನ ತೂತಿನೊಳಗೆ ಹಾದು ಹೋದ ಪೈಪಿಗೆ ಆಧಾರ ಇದೆ, ಬಿಗಿತ ಇಲ್ಲ. ಎಳೆದರೆ ಜಾರುತ್ತದೆ. ಟ್ರಪೀಜ್ ಹ್ಯಾಂಗರ್ (ಎರಡು ರಾಡ್‌ಗೆ ನೇತುಹಾಕಿದ, ಸ್ಟ್ರಟ್ ಅನ್ನೋ ಸ್ಟೀಲ್ ಅಡ್ಡಪಟ್ಟಿ) ಮೇಲೆ ಸುಮ್ನೆ ಮಲಗಿಸಿಟ್ಟ ಪೈಪಿನ ಕಥೆಯೂ ಅಷ್ಟೇ. ಆ ಪೈಪಿಗೆ ಸ್ಟ್ರಟ್ ಕ್ಲಾಂಪ್ ಹಾಕಿ ಬೋಲ್ಟ್ ತಿರುಗಿಸಿದ ಮೇಲೆ ಒಂದೇ ಜಾಗದಲ್ಲಿ ಎರಡೂ ಕೆಲಸ ಆಗುತ್ತದೆ. ಪ್ರತಿ ಪೈಪಿನ ಮುಂದೆ ನಿಂತು ಈ ಎರಡು ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳಿಕೊಂಡರೆ ಮುಂದಿನದೆಲ್ಲ ಸಲೀಸು.

ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ಈ ಪೈಪು ಬರೀ ತಂತಿ ಮುಚ್ಚುವ ಕವಚ ಅಲ್ಲ. 250.118 ಪ್ರಕಾರ ರಿಜಿಡ್ ಮೆಟಲ್ ಕಂಡ್ಯೂಟೇ ಅರ್ಥಿಂಗ್ ವಾಹಕವಾಗಿ ಕೆಲಸ ಮಾಡಬಹುದು, ಒಳಗೆ ಬೇರೆ ಅರ್ಥ್ ತಂತಿ ಇಲ್ಲದಿದ್ದರೂ ನಡೆಯುತ್ತದೆ. ಹಾಗಿರುವಾಗ ಬಾಕ್ಸ್ ಹತ್ತಿರ ಕ್ಲಾಂಪ್ ಇಲ್ಲದೆ ಪೈಪಿನ ಭಾರವೆಲ್ಲ ಅದನ್ನು ಬಾಕ್ಸಿಗೆ ಹಿಡಿದಿಡುವ ಲಾಕ್‌ನಟ್ ಮೇಲೆ ಬಿದ್ದು, ದಿನಾ ಸಣ್ಣಗೆ ಅಲುಗಾಡಿ ಅದು ಸಡಿಲವಾಯಿತು ಅಂತಿಟ್ಟುಕೊಳ್ಳಿ. ಮುಂದೆ ಯಾವತ್ತೋ ಫೇಸ್ ತಂತಿ ಲೋಹಕ್ಕೆ ತಗುಲಿದರೆ ಕರೆಂಟ್ ವಾಪಸ್ ಹೋಗುವ ದಾರಿ ಆ ಸಡಿಲ ಜೋಡಣೆಯಲ್ಲೇ ಕೆಟ್ಟಿರುತ್ತದೆ, ಬ್ರೇಕರ್ ಬೀಳಬೇಕಾದ ಹೊತ್ತಿಗೆ ಬೀಳದೆ ಪೈಪಿಗೇ ಕರೆಂಟ್ ಬಂದಿರಬಹುದು. ಕ್ಲಾಂಪ್ ಅಂದರೆ ಜೀವದ ವಿಷಯ ಅನ್ನೋದು ಇದಕ್ಕೇ.

ತುದಿಗಳನ್ನು ಗುರುತು ಮಾಡಿ: 3 ಅಡಿಯ ನಿಯಮ

ಟೇಪ್ ಹಿಡಿದು ಪೈಪ್ ಹೋಗುವ ದಾರಿ ಪೂರ್ತಿ ನಡೆಯಿರಿ. ಪೈಪು ಎಲ್ಲೆಲ್ಲಿ ಕೊನೆಯಾಗುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಔಟ್‌ಲೆಟ್ ಬಾಕ್ಸ್, ಜಂಕ್ಷನ್ ಬಾಕ್ಸ್, ಸ್ವಿಚ್ ಕೂರುವ ಬಾಕ್ಸ್, ಪ್ಯಾನಲ್ ಕ್ಯಾಬಿನೆಟ್, ಎಲ್‌ಬಿ (ಲೈನನ್ನು 90 ಡಿಗ್ರಿ ತಿರುಗಿಸುವ, ಮುಚ್ಚಳ ಇರುವ ಫಿಟ್ಟಿಂಗ್) ಅಥವಾ ಟಿ ತರದ ಕಂಡ್ಯೂಟ್ ಬಾಡಿ, ಇವೆಲ್ಲವೂ ಕೊನೆಗಳೇ. ಇವುಗಳಿಂದ 3 ಅಡಿ ಒಳಗೆ, ಅಂದರೆ 900 ಮಿಲಿಮೀಟರ್ ಒಳಗೆ, ಪೈಪನ್ನು ಬಿಗಿದಿರಬೇಕು.

ಎಲ್‌ಬಿ ವಿಷಯ ಒತ್ತಿ ಹೇಳಬೇಕು, ಯಾಕೆಂದರೆ ಜಾಸ್ತಿ ತಪ್ಪು ನಡೆಯುವುದು ಅಲ್ಲೇ. ಪೈಪು ಗೋಡೆ ಗುಂಟ ಬಂದು ಎಲ್‌ಬಿಯಲ್ಲಿ ತಿರುಗಿ ಮೇಲೆ ಹೋಗುತ್ತದೆ. ನೋಡುವವರ ಕಣ್ಣಿಗೆ ಅದು ಒಂದು ಬೆಂಡ್ ಇದ್ದ ಹಾಗೆ, ಲೈನ್ ಮುಂದುವರಿದ ಹಾಗೆ ಕಾಣುತ್ತದೆ. ಕೋಡ್ ಕಣ್ಣಿಗೆ ಅಲ್ಲಿ ಒಂದು ಪೈಪ್ ಮುಗಿದು ಇನ್ನೊಂದು ಶುರುವಾಗುತ್ತದೆ. ಆದ್ದರಿಂದ ಎಲ್‌ಬಿಯ ಎರಡೂ ಕಡೆ 3 ಅಡಿ ಒಳಗೆ ಕ್ಲಾಂಪ್ ಬೇಕು. ಒಂದೇ ಕಡೆ ಹಾಕಿದರೆ ಸಾಲದು.

ಇದಕ್ಕೆ ಉಲ್ಟಾ, ಎರಡು ಪೈಪ್ ಸೇರಿಸುವ ಕಪ್ಲಿಂಗ್ ಕೊನೆ ಅಲ್ಲ. ರಿಜಿಡ್ ಪೈಪು ಸಾಮಾನ್ಯವಾಗಿ ಒಂದು ಕಪ್ಲಿಂಗ್ ಸೇರಿಸಿ 10 ಅಡಿ ಉದ್ದದಲ್ಲಿ ಬರುತ್ತದೆ, ಹಾಗಾಗಿ 100 ಅಡಿ ಲೈನಿನಲ್ಲಿ ಒಂಬತ್ತೋ ಹತ್ತೋ ಕಪ್ಲಿಂಗ್ ಇದ್ದೇ ಇರುತ್ತವೆ. ಪ್ರತಿಯೊಂದರ ಪಕ್ಕದಲ್ಲೂ ಕ್ಲಾಂಪ್ ಇರಬೇಕು ಅಂತ 344.30 ಎಲ್ಲೂ ಹೇಳುವುದಿಲ್ಲ.

3 ಅಡಿ ಒಳಗೆ ಬಿಗಿಯುವುದಕ್ಕೆ ಬೀಮ್, ಜೋಯಿಸ್ಟ್ (ಮಹಡಿ ಹೊರುವ ಅಡ್ಡ ತೊಲೆ) ಏನೂ ಸಿಗದೆ ಇದ್ದರೆ 5 ಅಡಿ, ಅಂದರೆ 1.5 ಮೀಟರ್‌ವರೆಗೆ ಹೋಗಬಹುದು. ಗಮನಿಸಿ, ಕಟ್ಟಡದ ರಚನೆ ಸುಲಭಕ್ಕೆ ಅವಕಾಶ ಕೊಡದಿದ್ದಾಗ ಮಾತ್ರ ಈ ರಿಯಾಯಿತಿ. ಏಣಿ ಎತ್ತಿಡೋಕೆ ಬೇಜಾರು ಅನ್ನೋದು ಕಾರಣ ಆಗುವುದಿಲ್ಲ. ಕಾಂಕ್ರೀಟ್ ಗೋಡೆ ಇರುವ ಕಡೆ ಎಲ್ಲಿ ಬೇಕಾದರೂ ಆಂಕರ್ ಹೊಡೆಯಬಹುದಲ್ವಾ, ಅಲ್ಲಿ 5 ಅಡಿಯ ಮಾತೇ ಬರಬಾರದು.

ಇನ್ನೊಂದು ವಿನಾಯಿತಿ ಸರ್ವಿಸ್ ಮಾಸ್ಟ್‌ಗೆ, ಅಂದರೆ ವಿದ್ಯುತ್ ಕಂಪನಿಯ ತಂತಿ ಬಂದು ಸೇರುವ ಕಂಬದಂಥ ಪೈಪಿಗೆ. ಚಾವಣಿ ತೂರಿಕೊಂಡು ಮೇಲೆ ನಿಲ್ಲುವ ಪೈಪಿನ ತುದಿಯಲ್ಲಿ ಮಳೆನೀರು ಒಳಗೆ ಹೋಗದ ಹಾಗೆ ತಡೆಯುವ ವೆದರ್‌ಹೆಡ್ ಇರುತ್ತದೆ. ಅದರಿಂದ 3 ಅಡಿ ಒಳಗೆ ಬಿಗಿಯೋಣ ಅಂದರೆ ಬರೀ ಆಕಾಶ. ಅಲ್ಲಿ ಇಲಾಖೆ ಒಪ್ಪಿದರೆ ಆ ಕ್ಲಾಂಪ್ ಬಿಡಬಹುದು. ಆದರೆ ಹೊರಗಿನಿಂದ ಬರುವ ಸರ್ವಿಸ್ ತಂತಿಯ ಎಳೆತ ತಡೆಯುವಷ್ಟು ಗಟ್ಟಿಯಾಗಿ ಮಾಸ್ಟ್ ನಿಂತಿರಬೇಕು, ಅದನ್ನು 230.28 ಬೇರೆಯಾಗಿ ಕೇಳುತ್ತದೆ. ಕಟ್ಟಡಕ್ಕೆ ಕೊನೆಯದಾಗಿ ಬಿಗಿದ ಜಾಗಕ್ಕಿಂತ ಮೇಲೆ ಕಪ್ಲಿಂಗ್ ಇದ್ದರೆ, ಆ ಕಪ್ಲಿಂಗ್‌ಗೂ ವೆದರ್‌ಹೆಡ್‌ಗೂ ನಡುವೆ ತಂತಿ ಕಟ್ಟುವ ಹಾಗಿಲ್ಲ.

ಆಮೇಲೆ ನಡುವಿನ ಆಧಾರ

ಮೂಲ ನಿಯಮ ಸರಳ: ಯಾವ ಸೈಜೇ ಇರಲಿ, ಎರಡು ಆಧಾರಗಳ ನಡುವೆ 10 ಅಡಿಗಿಂತ ಜಾಸ್ತಿ ಇರಬಾರದು. ಏನೂ ಯೋಚನೆ ಮಾಡದೆ ಕೆಲಸ ಮುಗಿಸಬೇಕು ಅಂದರೆ ಇದನ್ನೇ ಹಿಡಿದುಕೊಳ್ಳಿ, ಯಾವತ್ತೂ ತಪ್ಪಾಗುವುದಿಲ್ಲ.

ಆದರೆ ದಪ್ಪ ಪೈಪು ತಾನೇ ಗಟ್ಟಿ, ಅಷ್ಟು ಬೇಗ ಬಾಗುವುದಿಲ್ಲ. ಅದಕ್ಕೇ ಟೇಬಲ್ 344.30(ಬಿ) ಇನ್ನೂ ದೂರ ಹೋಗಲು ಬಿಡುತ್ತದೆ:

ಅರ್ಧ ಮತ್ತು ಮುಕ್ಕಾಲು ಇಂಚು: 10 ಅಡಿ
1 ಇಂಚು: 12 ಅಡಿ
ಒಂದೂಕಾಲು ಮತ್ತು ಒಂದೂವರೆ ಇಂಚು: 14 ಅಡಿ
2 ಮತ್ತು ಎರಡೂವರೆ ಇಂಚು: 16 ಅಡಿ
3 ಇಂಚು ಮತ್ತು ಅದಕ್ಕಿಂತ ದೊಡ್ಡದು: 20 ಅಡಿ

ಟೇಬಲ್ ನೋಡಿ ಖುಷಿಪಡುವ ಮೊದಲು ಷರತ್ತು ಓದಿ. ಲೈನ್ ನೇರವಾಗಿರಬೇಕು. ಕಪ್ಲಿಂಗ್‌ಗಳು ಥ್ರೆಡ್ (ತಿರುಗಿಸಿ ಕೂರಿಸುವ ತಿರುಪಿನ ಗೆರೆ) ಇರುವಂಥವೇ ಆಗಿರಬೇಕು. ಜೊತೆಗೆ, ನಡುವೆ ಪೈಪು ಸ್ವಲ್ಪ ಬಾಗಿದರೂ ಆ ಒತ್ತಡ ತುದಿಯ ಬಾಕ್ಸಿಗೆ ಹೋಗದ ಹಾಗೆ ಆಧಾರಗಳು ತಡೆಯಬೇಕು. ಥ್ರೆಡ್ ಇಲ್ಲದ ಕಂಪ್ರೆಷನ್ ಅಥವಾ ಸೆಟ್ ಸ್ಕ್ರೂ ಕಪ್ಲಿಂಗ್ ಒಂದೇ ಒಂದು ಆ ಲೈನಿನಲ್ಲಿ ಬಂದರೂ ನನ್ನ ಪ್ರಕಾರ ಟೇಬಲ್ ಮುಚ್ಚಿಟ್ಟು 10 ಅಡಿಗೆ ವಾಪಸ್ ಬರುವುದೇ ಸರಿ. ಬೆಂಡ್ ಇರುವ ಭಾಗವನ್ನೂ ನೇರ ಲೈನ್ ಅಂತ ಎಣಿಸಬೇಡಿ.

ಇಲ್ಲೊಂದು ಕಷ್ಟ ಬರುತ್ತದೆ. ಎರಡೂ ಕಡೆಯಿಂದ ಪೈಪ್ ಬಂದು ನಡುವೆ ಸೇರಬೇಕು, ಯಾವ ಪೈಪನ್ನೂ ತಿರುಗಿಸುವ ಹಾಗಿಲ್ಲ. ಆಗ ಕೆಲವರು ಒಂದು ಪೈಪಿಗೆ ಉದ್ದಕ್ಕೆ ಥ್ರೆಡ್ ಹಾಕಿ, ಕಪ್ಲಿಂಗನ್ನು ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲೆ ಇನ್ನೊಂದರ ಮೇಲೆ ತರುತ್ತಾರೆ. ಈ ರನ್ನಿಂಗ್ ಥ್ರೆಡ್‌ನಿಂದ ಕಪ್ಲಿಂಗ್ ಜೋಡಿಸುವುದನ್ನು 344.42 ನೇರವಾಗಿ ಬೇಡ ಅನ್ನುತ್ತದೆ. ಸೈಟ್‌ನಲ್ಲಿ ಹಾಕುವ ಥ್ರೆಡ್ ಅಡಿಗೆ ಮುಕ್ಕಾಲು ಇಂಚು ಕಿರಿದಾಗುತ್ತಾ ಹೋಗಬೇಕು, ಬಿಗಿತ ಬರುವುದೇ ಆ ಟೇಪರ್‌ನಿಂದ. ಇಂಥ ಕಡೆ ಮೂರು ತುಂಡಿನ ಎರಿಕ್ಸನ್ ಕಪ್ಲಿಂಗ್ ಹಾಕಿ. ಅದು ಥ್ರೆಡ್ ಇರುವುದೇ.

ಒಂದು ಲೆಕ್ಕ ಮಾಡಿ ನೋಡೋಣ

2 ಇಂಚಿನ ಪೈಪು, ಪ್ಯಾನಲ್‌ನಿಂದ ಎಲ್‌ಬಿವರೆಗೆ ನೇರವಾಗಿ 68 ಅಡಿ, ಎಲ್ಲ ಥ್ರೆಡ್ ಕಪ್ಲಿಂಗ್. ಮೊದಲ ಕ್ಲಾಂಪನ್ನು ಪ್ಯಾನಲ್‌ನಿಂದ ಎರಡೂವರೆ ಅಡಿಗೆ ಇಡಿ, ಕೊನೆಯದನ್ನು ಎಲ್‌ಬಿಯಿಂದ ಎರಡೂವರೆ ಅಡಿಗೆ. ಸರಿಯಾಗಿ 3 ಅಡಿಗೇ ಇಡಬೇಡಿ, ಗೋಡೆಯಲ್ಲಿ ಕಂಬಿ ಸಿಕ್ಕಿ ಆಂಕರ್ ಸ್ವಲ್ಪ ಆಚೆ ಸರಿಸಬೇಕಾಗಿ ಬಂದರೆ ಅಲ್ಲಿಗೆ ನಿಯಮ ಮುರಿಯುತ್ತದೆ. ಈಗ ಎರಡು ಕ್ಲಾಂಪ್‌ಗಳ ನಡುವೆ ಉಳಿದದ್ದು 63 ಅಡಿ. 10 ಅಡಿಯ ನಿಯಮದಲ್ಲಿ ಹೋದರೆ ಅದನ್ನು 9 ಅಡಿಯ 7 ಭಾಗ ಮಾಡಬೇಕು, ಒಟ್ಟು 8 ಕ್ಲಾಂಪ್. ಟೇಬಲ್ ಪ್ರಕಾರ 16 ಅಡಿವರೆಗೆ ಹೋಗಬಹುದು, ಹಾಗಾಗಿ 15 ಅಡಿ 9 ಇಂಚಿನ 4 ಭಾಗ ಸಾಕು, ಒಟ್ಟು 5 ಕ್ಲಾಂಪ್.

ಇದು ಗೋಡೆ ಮೇಲಿನ ಲೆಕ್ಕ. ಅದೇ ಪೈಪು ಚಾವಣಿಯ ಬೀಮ್‌ಗಳಿಗೆ ನೇತಾಡುತ್ತಿದ್ದರೆ, ಬೀಮ್‌ಗಳು 6 ಅಡಿಗೊಂದು ಇದ್ದರೆ? ಆಗ 10 ಅಡಿಗೆ ಬೀಮ್ ಸಿಗುವುದಿಲ್ಲ, 6 ಅಡಿಗೆ ಕಟ್ಟಬೇಕು. 16 ಅಡಿಗೂ ಸಿಗುವುದಿಲ್ಲ, 12 ಅಡಿಗೆ ಕಟ್ಟಬೇಕು. ಅಂದರೆ ಒಂದು ಬೀಮ್ ಬಿಟ್ಟು ಒಂದಕ್ಕೆ ಹ್ಯಾಂಗರ್. ಟೇಬಲ್‌ನ ನಿಜವಾದ ಲಾಭ ಕಾಣುವುದು ಇಲ್ಲೇ, ಕೆಲಸ ಅರ್ಧಕ್ಕರ್ಧ ಕಡಿಮೆ. ಬೀಮ್‌ಗಳು 12 ಅಡಿಗೊಂದು ಇದ್ದು ಪೈಪು ಮುಕ್ಕಾಲು ಇಂಚಿನದಾದರೆ ಉಲ್ಟಾ ಪರಿಸ್ಥಿತಿ. ಬೀಮ್‌ನಿಂದ ಬೀಮ್‌ಗೆ ಬಿಟ್ಟರೆ ತಪ್ಪು, ನಡುವೆ ಸ್ಟ್ರಟ್ ಚಾನೆಲ್ ಅಡ್ಡ ಹಾಕಿ ಅದಕ್ಕೆ ಕ್ಲಾಂಪ್ ಮಾಡಬೇಕು. ಡ್ರಾಯಿಂಗ್ ಮಾಡುವವರು ಸ್ಟ್ರಕ್ಚರಲ್ ಹಾಳೆ ತೆಗೆದು ಬೀಮ್‌ಗಳ ಅಂತರ ಮೊದಲೇ ನೋಡಿದರೆ ಸೈಟ್‌ನವರಿಗೆ ದೊಡ್ಡ ಉಪಕಾರ.

ಇನ್ನೊಂದು ವಿಷಯ, ಕೋಡ್ ಕೊಡುವುದು ದೂರದ ಮಿತಿ, ಹ್ಯಾಂಗರ್‌ನ ಶಕ್ತಿಯ ಲೆಕ್ಕವನ್ನಲ್ಲ. 4 ಇಂಚಿನ 10 ಅಡಿ ಸ್ಟೀಲ್ ಪೈಪು ಸುಮಾರು 100 ಪೌಂಡ್ ತೂಗುತ್ತದೆ, ಒಳಗಿನ ತಾಮ್ರ ಬೇರೆ. 20 ಅಡಿಗೊಂದು ಹ್ಯಾಂಗರ್ ಅಂದರೆ ಪ್ರತಿ ಹ್ಯಾಂಗರ್ ಮೇಲೆ 20 ಅಡಿಯ ಭಾರ ಕೂರುತ್ತದೆ. ರಾಡ್, ಬೀಮ್ ಕ್ಲಾಂಪ್, ಆಂಕರ್ ಮೂರೂ ಅದನ್ನು ತಡೆಯುತ್ತವೆಯೇ ಅಂತ ತಯಾರಕರ ಹಾಳೆ ನೋಡಿ ಖಚಿತ ಮಾಡಿಕೊಳ್ಳಿ. ಟ್ರಪೀಜ್ ಮೇಲೆ ನಾಲ್ಕು ಪೈಪ್ ಇದ್ದರೆ ನಾಲ್ಕರಷ್ಟು. ಇಂಥ ಕಡೆ ನಾನಾದರೆ ಟೇಬಲ್ ಕೊಟ್ಟ ಪೂರ್ತಿ ದೂರ ಬಳಸುವುದಿಲ್ಲ.

ಲಂಬವಾಗಿ ಹೋಗುವ ಪೈಪು

ಕಾರ್ಖಾನೆಯಲ್ಲಿ ಯಂತ್ರದಿಂದ ನೇರ ಮೇಲಕ್ಕೆ ಚಾವಣಿಗೆ ಹೋಗುವ ಪೈಪನ್ನು ನೋಡಿರುತ್ತೀರಿ. ನಡುವೆ ಗೋಡೆ ಇಲ್ಲ, ಕಂಬ ಇಲ್ಲ. ಇಂಥ ಪೈಪಿಗೆ ಸೈಜು ಯಾವುದೇ ಇರಲಿ 20 ಅಡಿವರೆಗೆ ನಡುವೆ ಆಧಾರ ಇಲ್ಲದೆ ಬಿಡಬಹುದು. ಆದರೆ ಪೈಪು ಹೊರಗೆ ಕಾಣುವಂತಿರಬೇಕು, ಯಂತ್ರ ಅಥವಾ ಒಂದೇ ಕಡೆ ಕೂರಿಸಿದ ಸಾಧನದಿಂದ ಹೊರಟಿರಬೇಕು, ಕಪ್ಲಿಂಗ್ ಥ್ರೆಡ್‌ನದ್ದಾಗಿರಬೇಕು, ಮೇಲೂ ಕೆಳಗೂ ಆಧಾರ ಕೊಟ್ಟು ಬಿಗಿದಿರಬೇಕು, ಜೊತೆಗೆ ನಡುವೆ ಆಧಾರ ಕೊಡಲು ಸುಲಭದ ದಾರಿ ಬೇರೆ ಇರಬಾರದು. ಒಂದು ತಪ್ಪಿದರೂ ಈ ರಿಯಾಯಿತಿ ಇಲ್ಲ. ಕಟ್ಟಡದ ಶಾಫ್ಟ್‌ನಲ್ಲಿ ಮಹಡಿಯಿಂದ ಮಹಡಿಗೆ ಹೋಗುವ ಪೈಪಿಗೆ ಇದನ್ನು ಹೇಳಿಕೊಂಡು ಬರಬೇಡಿ, ಅಲ್ಲಿ 10 ಅಡಿ ಅಥವಾ ಟೇಬಲ್.

ಪೈಪಿಗೆ ಆಧಾರ ಕೊಟ್ಟ ಮಾತ್ರಕ್ಕೆ ಒಳಗಿನ ತಂತಿಗೂ ಕೊಟ್ಟ ಹಾಗಾಗುವುದಿಲ್ಲ. ಲಂಬ ಪೈಪಿನಲ್ಲಿ ತಂತಿ ತನ್ನ ಭಾರಕ್ಕೇ ಕೆಳಗೆ ಜಗ್ಗುತ್ತದೆ. 300.19ರ ಟೇಬಲ್ ಪ್ರಕಾರ 4/0 (ದಪ್ಪ ತಂತಿಯ ಒಂದು ಅಮೆರಿಕನ್ ಸೈಜು) ತಾಮ್ರದ ತಂತಿಗೆ 80 ಅಡಿ ಮಿತಿ, ಲಂಬ ಪೈಪು ಅದಕ್ಕಿಂತ ಎತ್ತರ ಹೋದರೆ ತಂತಿಗೇ ಪ್ರತ್ಯೇಕ ಆಧಾರ ಬೇಕು.

ಬೀಮ್ ತೂತಿನಲ್ಲಿ ಹಾದು ಹೋಗುವ ಪೈಪು

ಅಡ್ಡವಾಗಿ ಹೋಗುವ ಪೈಪು ಜೋಯಿಸ್ಟ್ ಅಥವಾ ಸ್ಟಡ್‌ಗಳ (ಗೋಡೆಯೊಳಗಿನ ನಿಲುವು ಪಟ್ಟಿ) ತೂತಿನಲ್ಲಿ ಹಾದು ಹೋಗುತ್ತಿದ್ದರೆ, ತೂತುಗಳ ನಡುವಿನ ಅಂತರ 10 ಅಡಿ ಮೀರದಿದ್ದರೆ ಆ ತೂತೇ ಆಧಾರ. ನಡುವೆ ಕ್ಲಾಂಪ್ ಬೇಡ. ತುದಿಗಳಲ್ಲಿ ಮಾತ್ರ 3 ಅಡಿ ಒಳಗೆ ಬಿಗಿಯಲೇಬೇಕು. ಸ್ಟಡ್‌ನ ಅಂಚಿಗೆ ಹತ್ತಿರ ತೂತು ಬಿದ್ದರೆ ಬೇರೆ ವೈರಿಂಗ್‌ಗಳಿಗೆ ಮೊಳೆ ತಾಗದ ಹಾಗೆ ಸ್ಟೀಲ್ ಪ್ಲೇಟ್ ಹಾಕಬೇಕಾಗುತ್ತದೆ, ರಿಜಿಡ್ ಪೈಪಿಗೆ ಅದೂ ಬೇಡ. ಅದರ ಗೋಡೆಯೇ ಅಷ್ಟು ದಪ್ಪ.

ಯಾವುದಕ್ಕೆ ಕಟ್ಟಬಾರದು

ಫಾಲ್ಸ್ ಸೀಲಿಂಗ್ ಹೊತ್ತಿರುವ ತಂತಿಗೆ ಪೈಪ್ ಕಟ್ಟಬೇಡಿ. 300.11 ಇದನ್ನು ಸ್ಪಷ್ಟವಾಗಿ ತಡೆಯುತ್ತದೆ. ವೈರಿಂಗ್‌ಗೆ ಅಂತಲೇ ಬೇರೆ ತಂತಿ ಇಳಿಬಿಡಬಹುದು, ಆದರೆ ಅದನ್ನು ಎರಡೂ ತುದಿಯಲ್ಲಿ ಬಿಗಿದಿರಬೇಕು. ಸೀಲಿಂಗ್ ಬೆಂಕಿ ತಡೆಯುವ ಬಗೆಯದಾಗಿದ್ದರೆ ಆ ತಂತಿಗೆ ಬಣ್ಣ ಅಥವಾ ಟ್ಯಾಗ್ ಹಾಕಿ ಗುರುತು ಮಾಡಿರಬೇಕು. ರಿಜಿಡ್ ಪೈಪಿನ ಭಾರಕ್ಕೆ ತಂತಿಗಿಂತ ಥ್ರೆಡ್ ರಾಡ್ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಪೈಪನ್ನೇ ಬೇರೆಯದಕ್ಕೆ ಆಧಾರ ಮಾಡುವುದೂ ತಪ್ಪು. ಕೆಲಸ ಮುಗಿಸಿ ನೀವು ಹೋದ ಮೇಲೆ ನೆಟ್‌ವರ್ಕ್‌ನವರು ಬಂದು ತಮ್ಮ ಕೇಬಲ್ ಕಟ್ಟನ್ನು ನಿಮ್ಮ ಪೈಪಿಗೆ ಜಿಪ್ ಟೈ ಹಾಕಿ ಬಿಗಿಯುತ್ತಾರೆ, ಇದು ತುಂಬಾ ಕಡೆ ನಡೆಯುತ್ತದೆ. ಕೋಡ್ ಒಪ್ಪುವ ಒಂದು ಸಂದರ್ಭ ಇದೆ: ಹೀಟರ್ ಅಥವಾ ಎಸಿ ಘಟಕಕ್ಕೆ ಪವರ್ ಒಯ್ಯುವ ಪೈಪಿನ ಮೇಲೆ ಅದೇ ಘಟಕದ ಕಂಟ್ರೋಲ್‌ಗೆ ಮಾತ್ರ ಇರುವ ಕ್ಲಾಸ್ 2 (ಕಡಿಮೆ ಶಕ್ತಿಯ) ಕೇಬಲ್ ಕಟ್ಟಬಹುದು. ಪಕ್ಕದ ಘಟಕದ್ದು ಆಗುವುದಿಲ್ಲ.

ಬಾಕ್ಸನ್ನು ಪೈಪಿನಿಂದಲೇ ನಿಲ್ಲಿಸಬಹುದಾ ಅಂತ ಕೇಳುತ್ತಾರೆ. ಆಗುತ್ತದೆ, 314.23ರ ಷರತ್ತಿಗೆ ಒಳಪಟ್ಟು. ಸ್ವಿಚ್, ದೀಪ ಏನೂ ಇಲ್ಲದ ಬಾಕ್ಸ್ 100 ಘನ ಇಂಚು ಮೀರಬಾರದು, ಥ್ರೆಡ್ ಇರುವ ತೂತು ಅಥವಾ ಹಬ್ ಇರಬೇಕು, ಕನಿಷ್ಠ ಎರಡು ಪೈಪ್ ರೆಂಚ್ ಹಾಕಿ ಬಿಗಿದಿರಬೇಕು, ಪ್ರತಿ ಪೈಪನ್ನೂ ಬಾಕ್ಸ್‌ನಿಂದ 3 ಅಡಿ ಒಳಗೆ ಕಟ್ಟಿರಬೇಕು. ಎಲ್ಲ ಪೈಪೂ ಬಾಕ್ಸ್‌ನ ಒಂದೇ ಬದಿಯಿಂದ ಬಂದರೆ 3 ಅಡಿ ಹೋಗಿ 18 ಇಂಚು ಆಗುತ್ತದೆ. ಬಾಕ್ಸ್‌ನಲ್ಲಿ ಸ್ವಿಚ್ಚೋ ಸಾಕೆಟ್ಟೋ ಇದ್ದರೂ ಸಾಮಾನ್ಯವಾಗಿ 18 ಇಂಚೇ. ಜನ ದಿನಾ ಕೈ ಹಾಕುವ ಬಾಕ್ಸ್ ಅಲುಗಾಡಬಾರದಲ್ವಾ.

ವೆಲ್ಡಿಂಗ್ ಯೋಚನೆ ಬಿಡಿ. ಹಾಗೆ ಮಾಡಲೆಂದೇ ತಯಾರಿಸಿದ ಪೈಪ್ ಅಲ್ಲದಿದ್ದರೆ 300.18 ಅದನ್ನು ಒಪ್ಪುವುದಿಲ್ಲ. ಅದೇ ಸೆಕ್ಷನ್‌ನ ಇನ್ನೊಂದು ಮಾತು, ಪೈಪಿನ ಲೈನು ಪೂರ್ತಿ ಆದ ಮೇಲೆ ತಂತಿ ಎಳೆಯಬೇಕು.

ನೀರು, ಬಿಸಿಲು, ತುಕ್ಕು

ಹಾಲಿನ ಘಟಕ, ಲಾಂಡ್ರಿ ಅಥವಾ ಗೋಡೆ ಪದೇ ಪದೇ ತೊಳೆಯುವ ಒಳಾಂಗಣದಲ್ಲಿ ಹೊರಗೆ ಕಾಣುವ ಪೈಪು ಗೋಡೆಗೆ ಅಂಟಿಕೊಂಡಿರಬಾರದು, ಕಾಲು ಇಂಚಾದರೂ ಗಾಳಿ ಆಡುವ ಜಾಗ ಬೇಕು ಅಂತ 300.6 ಹೇಳುತ್ತದೆ. ಸ್ಟ್ರಾಪ್ ಹಿಂದೆ ಕ್ಲಾಂಪ್ ಬ್ಯಾಕ್ ಅಥವಾ ಸ್ಟ್ರಟ್ ಇಟ್ಟರೆ ಆ ಜಾಗ ತಾನೇ ಸಿಗುತ್ತದೆ. ಪೈಪ್ ಒಳ್ಳೆಯ ಗ್ಯಾಲ್ವನೈಸ್ಡ್ ಹಾಕಿ ಸ್ಕ್ರೂ ಮಾತ್ರ ಒಳಾಂಗಣದ್ದು ಹಾಕಿದರೆ ಸ್ಕ್ರೂ ಮೊದಲು ತುಕ್ಕು ಹಿಡಿದು ಉದುರುತ್ತದೆ. ಸಪೋರ್ಟ್, ಬೋಲ್ಟ್ ಎಲ್ಲವೂ ಆ ಜಾಗದ ಹವೆಗೆ ತಡೆಯುವಂಥವೇ ಆಗಿರಬೇಕು ಅಂತಲೂ ಅದೇ ಸೆಕ್ಷನ್ ಕೇಳುತ್ತದೆ.

ಚಾವಣಿ ಮೇಲೆ ಹೋಗುವ ಪೈಪಿಗೆ ಆಧಾರದ ಎತ್ತರವೂ ಮುಖ್ಯ. 2020ರ ಆವೃತ್ತಿಯಿಂದ ಈಚೆಗೆ, ಬಿಸಿಲಿಗೆ ಬಿದ್ದ ಪೈಪಿನ ತಳ ಚಾವಣಿಯಿಂದ ಮುಕ್ಕಾಲು ಇಂಚಿಗಿಂತ ಕೆಳಗಿದ್ದರೆ ತಂತಿಯ ಸಾಮರ್ಥ್ಯದ ಲೆಕ್ಕಕ್ಕೆ ಹೊರಗಿನ ಉಷ್ಣತೆಗೆ 60 ಡಿಗ್ರಿ ಫ್ಯಾರನ್‌ಹೀಟ್ ಸೇರಿಸಬೇಕು. ಒಂದು ಇಂಚು ಎತ್ತರದ ಬ್ಲಾಕ್ ಇಟ್ಟರೆ ಈ ತಲೆನೋವೇ ಇಲ್ಲ.

ಬಿಸಿಲಿಗೆ ಪೈಪು ಉದ್ದ ಕೂಡ ಆಗುತ್ತದೆ. 100 ಅಡಿ ಸ್ಟೀಲ್ ಪೈಪು 100 ಡಿಗ್ರಿ ಫ್ಯಾರನ್‌ಹೀಟ್ ಏರಿಳಿತಕ್ಕೆ ಮುಕ್ಕಾಲು ಇಂಚಿಗೂ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಅಂಥ ಉದ್ದದ ಲೈನಿನಲ್ಲಿ ಅಗತ್ಯ ಬಿದ್ದರೆ, ಕಟ್ಟಡದ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ದಾಟುವ ಕಡೆ ತಪ್ಪದೆ, ಎಕ್ಸ್‌ಪ್ಯಾನ್ಷನ್ ಫಿಟ್ಟಿಂಗ್ (ಹಿಗ್ಗಲು ಕುಗ್ಗಲು ಜಾಗ ಕೊಡುವ ಜೋಡಣೆ) ಹಾಕಿ. ಅದರ ಎರಡೂ ಪಕ್ಕ ಗಟ್ಟಿಯಾಗಿ ಬಿಗಿದುಬಿಟ್ಟರೆ ಪೈಪು ಸರಿಯಲಾರದೆ ಫಿಟ್ಟಿಂಗ್ ಹಾಕಿದ್ದೇ ದಂಡ. ಒಂದು ಕಡೆ ಬಿಗಿದು ಇನ್ನೊಂದು ಕಡೆ ಪೈಪು ಜಾರಲು ಬಿಡುವ ಗೈಡ್ ಇಡಿ. ಸರಿಯುವ ಜೋಡಣೆಯಲ್ಲಿ ಅರ್ಥಿಂಗ್ ದಾರಿ ಕಡಿದು ಹೋಗದಿರಲು ಬಾಂಡಿಂಗ್ ಜಂಪರ್ (ಎರಡೂ ಕಡೆಯ ಲೋಹ ಸೇರಿಸುವ ತಂತಿ) ಕೂಡ ಬೇಕು, ಅದು 250.98ರಲ್ಲಿದೆ.

ಕೊನೆಯಲ್ಲಿ ಕೈಯಿಂದ ಪರೀಕ್ಷೆ

ತಂತಿ ಎಳೆಯುವ ಮೊದಲು, ಸೀಲಿಂಗ್ ಮುಚ್ಚುವ ಮೊದಲು ಇನ್ನೊಮ್ಮೆ ಪೂರ್ತಿ ಲೈನ್ ನಡೆಯಿರಿ. ಪ್ರತಿ ಬಾಕ್ಸ್ ಹತ್ತಿರ ಪೈಪ್ ಹಿಡಿದು ಜೋರಾಗಿ ಅಲುಗಾಡಿಸಿ. ಬಾಕ್ಸ್ ಅಲುಗಿದರೆ ಕ್ಲಾಂಪ್ ದೂರ ಇದೆ ಅಥವಾ ಆಂಕರ್ ಹಿಡಿದಿಲ್ಲ. ಎಲ್‌ಬಿಗಳ ಎರಡೂ ಬದಿ ಟೇಪ್ ಹಿಡಿದು ಅಳೆಯಿರಿ, ಕಣ್ಣಳತೆ ಬೇಡ. 10 ಅಡಿ ದಾಟಿದ ಪ್ರತಿ ಅಂತರದಲ್ಲೂ ಕಪ್ಲಿಂಗ್ ಥ್ರೆಡ್‌ನದ್ದೇ, ಲೈನ್ ನೇರವೇ ಅಂತ ನೋಡಿ. 5 ಅಡಿಯ ರಿಯಾಯಿತಿ ಬಳಸಿದ ಕಡೆ ಒಂದು ಫೋಟೋ ತೆಗೆದಿಡಿ, ಹತ್ತಿರದಲ್ಲಿ ಯಾವ ಬೀಮೂ ಇರಲಿಲ್ಲ ಅಂತ ಇನ್‌ಸ್ಪೆಕ್ಟರ್‌ಗೆ ತೋರಿಸಲು ಬೇಕಾಗುತ್ತದೆ.